ಆ ಹತ್ತು ನಿಮಿಷದ ಗಾಬರಿ, ಆಮೇಲಿನ ಮಾತ್ರೆಯ ಪ್ರಶ್ನೆ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಎರಗುವ ತೀವ್ರ ಗಾಬರಿಯ ದಾಳಿ ಕುರಿತವು. ಕೇಳಿದವರು ಬೇರೆ ಬೇರೆ, ತಳಮಳ ಮಾತ್ರ ಎರಡೇ: ಇದು ಹೃದಯದ ಕಾಯಿಲೆಯಲ್ಲವೇ? ಮಾತ್ರೆ ಶುರುಮಾಡಿದರೆ ಜೀವನಪೂರ್ತಿ ನುಂಗಬೇಕೇ? ಹಾಗಾಗಿ ಉಳಿದ ವಿಷಯಗಳನ್ನು ಮುಂದಕ್ಕೆ ಹಾಕಿ ಇದೊಂದಕ್ಕೇ ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನನಗೆ 36 ವರ್ಷ. ಎರಡು ತಿಂಗಳಿಂದ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಉಸಿರು ಸಾಲುವುದಿಲ್ಲ, ಬಾಯಿ ಸುತ್ತ ಮತ್ತು ಬೆರಳ ತುದಿ ಜೋಮು ಹಿಡಿಯುತ್ತದೆ, ‘ಇವತ್ತಿಗೆ ಮುಗೀತು’ ಅನ್ನಿಸುತ್ತದೆ. ಮೂರು ಸಲ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದ್ದೇನೆ. ಮೂರು ಸಲವೂ ಇಸಿಜಿ ನಾರ್ಮಲ್, ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದರು. ನಮ್ಮ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಹೋದ ಸುದ್ದಿ ನೋಡಿದ ಮೇಲೆ ನಿದ್ದೆಯೂ ಇಲ್ಲ.
— ಹೆಸರು ಬೇಡ, ಹೊಳೆನರಸೀಪುರ

ಉತ್ತರ: 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದ್ದರು. 2025ರ ಜುಲೈನಲ್ಲಿ ಹಾಸನದ ಸುದ್ದಿಗಳ ನಂತರ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಹೆದರಿಕೆ ನಿಮ್ಮೊಬ್ಬರದಲ್ಲ. ಆದರೆ ನೀವು ಬರೆದ ಲಕ್ಷಣಗಳಲ್ಲಿ ಒಂದು ಗುಟ್ಟು ಬಿಟ್ಟುಕೊಡುತ್ತದೆ: ಬಾಯಿ ಸುತ್ತಲಿನ ಜೋಮು.

ಉಸಿರು ಸಾಲದು ಅನ್ನಿಸುವ ಹೊತ್ತಿನಲ್ಲಿ ನಿಜಕ್ಕೂ ಆಗುತ್ತಿರುವುದು ಉಸಿರಾಟ ಅತಿಯಾಗಿರುವುದು. ಗಾಬರಿಯಲ್ಲಿ ನಿಮಿಷಕ್ಕೆ 25–30 ಸಲ ಎದೆಯ ಮೇಲ್ಭಾಗದಿಂದ ಉಸಿರಾಡುತ್ತೇವೆ. ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ಆಗ ಮಿದುಳಿಗೆ ಹೋಗುವ ರಕ್ತನಾಳಗಳು ಕೊಂಚ ಕಿರಿದಾಗಿ ತಲೆ ಹಗುರಾಗುತ್ತದೆ, ಕಣ್ಣು ಮಂಜಾಗುತ್ತದೆ. ರಕ್ತದಲ್ಲಿ ನರಗಳ ಬಳಕೆಗೆ ಸಿಗುವ ಕ್ಯಾಲ್ಸಿಯಂ ತಗ್ಗಿ ತುಟಿ, ಬೆರಳು ಜೋಮು ಹಿಡಿಯುತ್ತವೆ. ಜೋರಾದರೆ ಕೈಬೆರಳು ಸೆಟೆದುಕೊಳ್ಳುತ್ತವೆ. ಇದನ್ನು ಕಂಡು ಮತ್ತಷ್ಟು ಗಾಬರಿ, ಮತ್ತಷ್ಟು ಉಸಿರು. ಹಗ್ಗ ಹಾವಾಗಿ ಕಾಣುವ ಮಾತು ನಮಗೆ ಹಳೆಯದು. ಇಲ್ಲಿ ಹಗ್ಗವೂ ಇಲ್ಲ, ಮೈ ಮಾತ್ರ ಓಡಲು ಎದ್ದು ನಿಂತಿರುತ್ತದೆ. ಇದು ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆಮೇಲಿನ ಸುಸ್ತು ದಿನವಿಡೀ ಇರಬಹುದು.

ಹಾಗಂತ ಎದೆಯದ್ದನ್ನೆಲ್ಲ ಮನಸ್ಸಿನ ಮೇಲೆ ಹಾಕಿ ಕೂರುವುದು ತಪ್ಪು. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ ಎದೆ ಬಿಗಿತ ನಿಂತರೆ ಕಡಿಮೆಯಾಗುತ್ತಿದ್ದರೆ, ಭಾರ ಹೇರಿದಂಥ ನೋವು 15 ನಿಮಿಷ ದಾಟಿದರೆ, ದವಡೆಗೋ ಎಡತೋಳಿಗೋ ಹರಿದರೆ, ತಣ್ಣನೆ ಬೆವರು ಬಂದರೆ, ಎಚ್ಚರ ತಪ್ಪಿ ಬಿದ್ದರೆ 108ಕ್ಕೆ ಕರೆಮಾಡಿ, ‘ಪ್ಯಾನಿಕ್ ಇರಬಹುದು’ ಎಂದು ಕಾಯಬೇಡಿ. ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದವರಿಗಂತೂ ಇದು ಕಡ್ಡಾಯ. ಇನ್ನೊಂದು ಮಾತು: ನೋವು ಶುರುವಾದ ಹೊಸದರಲ್ಲಿ ತೆಗೆದ ಒಂದೇ ಇಸಿಜಿ ನಾರ್ಮಲ್ ಬಂದರೆ ಹೃದಯಾಘಾತ ಅಲ್ಲವೇ ಅಲ್ಲ ಎಂದಾಗದು. ಅದಕ್ಕೇ ವೈದ್ಯರು ಕೆಲವು ಗಂಟೆ ಬಿಟ್ಟು ಮತ್ತೊಂದು ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡಿಸುವುದು.

ನೀವು ಒಂದೇ ಒಂದು ಸಲ ಸರಿಯಾಗಿ ಮಾಡಿಸಬೇಕಾದ್ದು ಇಷ್ಟು: ಬಿಪಿ, ಇಸಿಜಿ, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್‌ಗೆ ಟಿಎಸ್‌ಎಚ್. ಥೈರಾಯ್ಡ್ ಅತಿಯಾದರೂ, ರಕ್ತ ಕಡಿಮೆಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಸ್ವಿಚ್ ಹಾಕಿದಂತೆ ಬಡಿತ 150ರ ಮೇಲೆ ಹೋಗಿ, ಸ್ವಿಚ್ ತೆಗೆದಂತೆ ನಿಲ್ಲುತ್ತಿದ್ದರೆ ಅದನ್ನು ಹೇಳಿ. 24 ಗಂಟೆ ಮೈಗೆ ಕಟ್ಟುವ ಹೋಲ್ಟರ್ ಪರೀಕ್ಷೆ ಬೇಕಾಗಬಹುದು. ಇವೆಲ್ಲ ಸರಿಯಿದ್ದರೆ ಅಲ್ಲಿಗೆ ಪರೀಕ್ಷೆ ಸಾಕು. ವರದಿ ಕೈಗೆ ಬಂದಾಗಿನ ನೆಮ್ಮದಿ ನಾಲ್ಕು ದಿನ ಇರುತ್ತದೆ, ಐದನೇ ದಿನ ‘ಅವರಿಗೆ ಏನೋ ತಪ್ಪಿರಬಹುದು’ ಎಂಬ ಅನುಮಾನ ಏಳುತ್ತದೆ. ಇದೇ ಲಕ್ಷಣಕ್ಕೆ ನಾಲ್ಕನೇ, ಐದನೇ ಇಸಿಜಿ ಎಂದು ಹೊರಟರೆ ಅದು ಕಾಯಿಲೆಗೆ ಹಾಕುವ ಗೊಬ್ಬರ.

ಇಷ್ಟರ ಮೇಲೆ ದಾಳಿಗಳು ಮರುಕಳಿಸುತ್ತ, ‘ಮತ್ತೆ ಯಾವಾಗ’ ಎಂಬ ಭಯವೋ ಅದಕ್ಕಾಗಿ ಓಡಾಟ ಬಿಡುವುದೋ ಒಂದು ತಿಂಗಳು ಮೀರಿದರೆ ಅದಕ್ಕೆ ಪ್ಯಾನಿಕ್ ಡಿಸಾರ್ಡರ್ ಎಂದು ಹೆಸರು. ನಿಮ್ಮದು ಆ ಹಂತಕ್ಕೆ ಬಂದಿದೆ. ‘ಗ್ಯಾಸ್’ ಎಂದು ಕಳಿಸಿದವರು ನಿಮ್ಮನ್ನು ಮನೋವೈದ್ಯರ ಬಳಿಗೆ ಕಳಿಸಬೇಕಿತ್ತು.

ಪ್ರಶ್ನೆ: ವಿಜಯನಗರದಿಂದ ವೈಟ್‌ಫೀಲ್ಡಿಗೆ ಮೆಟ್ರೋದಲ್ಲಿ ಹೋಗುತ್ತೇನೆ. ರೈಲು ನೆಲದಡಿಗೆ ಇಳಿಯುತ್ತಿದ್ದಂತೆ ಶುರುವಾಗುತ್ತದೆ. ಎರಡು ಸಲ ಮೆಜೆಸ್ಟಿಕ್‌ನಲ್ಲಿ ಇಳಿದು ಆಟೋ ಹಿಡಿದೆ. ಈಗ ಮೆಟ್ರೋ ಬಿಟ್ಟು ಕ್ಯಾಬ್‌ನಲ್ಲೇ ಹೋಗುತ್ತಿದ್ದೇನೆ, ಸಂಬಳ ಅದಕ್ಕೇ ಸರಿಹೋಗುತ್ತಿದೆ. ದೀರ್ಘವಾಗಿ ಉಸಿರೆಳೆದುಕೊಂಡರೆ ಇನ್ನೂ ಜಾಸ್ತಿಯಾಗುತ್ತದೆ. ಆ ಹೊತ್ತಿಗೆ ಏನು ಮಾಡಲಿ?
— 27 ವರ್ಷ, ಬೆಂಗಳೂರು

ಉತ್ತರ: ಜಾಸ್ತಿಯಾಗುವುದು ಸಹಜ. ಮೊದಲೇ ಅತಿಯಾಗಿರುವ ಉಸಿರಿಗೆ ನೀವು ಮತ್ತಷ್ಟು ಸೇರಿಸುತ್ತಿದ್ದೀರಿ. ‘ದೀರ್ಘವಾಗಿ ಉಸಿರೆಳೆದುಕೋ’ ಎನ್ನುವುದು ಪ್ರೀತಿಯಿಂದ ಕೊಡುವ ಕೆಟ್ಟ ಸಲಹೆ. ಶುರು ಮಾಡಬೇಕಾದ್ದು ಉಸಿರು ಬಿಡುವುದರಿಂದ.

ಮೊದಲು ಎದೆಯಲ್ಲಿರುವುದನ್ನೆಲ್ಲ ನಿಧಾನ ಹೊರಗೆ ಬಿಡಿ. ನಂತರ ಬಾಯಿ ಮುಚ್ಚಿ ಮೂಗಿನಿಂದ ಮನಸ್ಸಿನಲ್ಲೇ 4 ಎಣಿಸುತ್ತ ಸಣ್ಣದಾಗಿ ಒಳಗೆ. ಹೊಟ್ಟೆ ಉಬ್ಬಬೇಕು, ಭುಜ ಏಳಬಾರದು. ಬಿಸಿ ಕಾಫಿ ಊದುವಂತೆ ತುಟಿ ಚೂಪು ಮಾಡಿ 6 ಎಣಿಸುತ್ತ ಹೊರಗೆ. ನಿಮಿಷಕ್ಕೆ ಸುಮಾರು 6 ಉಸಿರು ಆಯಿತು. ಐದು ನಿಮಿಷ ಬಿಡದೆ ಮಾಡಿ. ಮೊದಲ ಎರಡು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಬಹಳಷ್ಟು ಮಂದಿ ಕೈಬಿಡುವುದು ಅಲ್ಲೇ. ಕಾಗದದ ಚೀಲಕ್ಕೆ ಉಸಿರು ಬಿಡುವ ಹಳೇ ಪದ್ಧತಿ ಬೇಡ. ನಿಜಕ್ಕೂ ಆಸ್ತಮಾವೋ ಹೃದಯದ ತೊಂದರೆಯೋ ಇದ್ದರೆ ಅದು ಅಪಾಯ.

ಜೊತೆಗೆ ಗಡಿಯಾರ ನೋಡಿ ಹೊತ್ತು ಗುರುತಿಟ್ಟುಕೊಳ್ಳಿ: ‘8.42. ಇದು ಪ್ಯಾನಿಕ್. ಏರುತ್ತದೆ, ಇಳಿಯುತ್ತದೆ.’ ಕಚ್ಚಿದ ಹಲ್ಲು, ಬಿಗಿದ ಮುಷ್ಟಿ ಸಡಿಲಿಸಿ. ಗಮನ ಮೈಯೊಳಗಿಂದ ಹೊರಗೆ ಬರಲಿ: ಎದುರಿನ ಐದು ವಸ್ತುಗಳ ಬಣ್ಣ, ಕೇಳಿಸುವ ಮೂರು ಸದ್ದು, ಅಂಗೈಗೆ ತಾಗುವ ಕಂಬಿಯ ತಣ್ಣಗಿನ ಸ್ಪರ್ಶ. ನಾಡಿ ಹಿಡಿದು ನೋಡುವುದು, ಕೈಗಡಿಯಾರದ ಹೃದಯ ಬಡಿತ ನಿಮಿಷಕ್ಕೊಮ್ಮೆ ಇಣುಕುವುದು, ಗೂಗಲ್‌ನಲ್ಲಿ ಲಕ್ಷಣ ಹುಡುಕುವುದು, ಇವು ಮೂರೂ ಬೆಂಕಿಗೆ ಸೀಮೆಎಣ್ಣೆ. ಸ್ಮಾರ್ಟ್‌ವಾಚನ್ನು ಒಂದು ತಿಂಗಳು ಬೀರುವಿನಲ್ಲಿಡಿ.

ಈ ಉಸಿರಾಟವನ್ನು ದಾಳಿ ಬಂದಾಗಷ್ಟೇ ಮಾಡಿದರೆ ಕೈಕೊಡುತ್ತದೆ. ಬೆಳಿಗ್ಗೆ ಐದು, ರಾತ್ರಿ ಐದು ನಿಮಿಷ ನಿರಾಳವಾಗಿರುವಾಗಲೇ ಮಾಡಿ ರೂಢಿಯಾಗಬೇಕು. ಖಾಲಿ ಹೊಟ್ಟೆಯಲ್ಲಿ ಸ್ಟ್ರಾಂಗ್ ಕಾಫಿ ಕುಡಿದು ಮೆಟ್ರೋ ಹತ್ತುವವರಾದರೆ ಅದನ್ನೂ ನೋಡಿಕೊಳ್ಳಿ. ಡಿಕಾಕ್ಷನ್ ಏರಿಸುವ ಎದೆಬಡಿತಕ್ಕೂ ಪ್ಯಾನಿಕ್‌ನ ಮೊದಲ ಬಡಿತಕ್ಕೂ ಮೈ ಭೇದ ಮಾಡುವುದಿಲ್ಲ. ದಿನಕ್ಕೆ ನಾಲ್ಕು ಲೋಟ ಇದ್ದರೆ ವಾರಕ್ಕೊಂದು ಲೋಟದಂತೆ ಇಳಿಸಿ. ಒಮ್ಮೆಲೇ ಬಿಟ್ಟರೆ ತಲೆನೋವು ಬರಬಹುದು.

ಆದರೆ ಇಷ್ಟೂ ತಾತ್ಕಾಲಿಕ ಉಪಾಯ. ನಿಮ್ಮ ಕಾಯಿಲೆಯನ್ನು ಬೆಳೆಸಿದ್ದು ಮೆಜೆಸ್ಟಿಕ್‌ನಲ್ಲಿ ಇಳಿದದ್ದು. ಇಳಿದ ಕೂಡಲೇ ಹಾಯೆನಿಸಿತು. ‘ಇಳಿದದ್ದಕ್ಕೇ ಬದುಕಿದೆ’ ಎಂದು ಮಿದುಳು ಬರೆದಿಟ್ಟುಕೊಂಡಿತು. ಇಳಿಯದಿದ್ದರೂ ಬದುಕುತ್ತಿದ್ದಿರಿ ಎಂಬುದನ್ನು ಅದು ಕಲಿಯಲೇ ಇಲ್ಲ. ಕಲಿಸುವ ದಾರಿ ಮೆಟ್ಟಿಲು ಮೆಟ್ಟಿಲಾಗಿ ಮರಳಿ ಹೋಗುವುದು. ನಿಮ್ಮ ದಾರಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲ ವಾರ ಜನ ಕಡಿಮೆಯಿರುವ ಹೊತ್ತಿನಲ್ಲಿ ವಿಜಯನಗರದಿಂದ ಹೊಸಹಳ್ಳಿ, ಮಾಗಡಿ ರಸ್ತೆ, ವಾಪಸ್. ಅದೆಲ್ಲ ನೆಲದ ಮೇಲಿನ ದಾರಿ. ಎರಡನೇ ವಾರ ಸಿಟಿ ರೈಲ್ವೆ ನಿಲ್ದಾಣ, ನೆಲದಡಿಯ ಮೊದಲನೆಯದು. ಆಮೇಲೆ ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕ್. ಎಂ.ಜಿ. ರಸ್ತೆಗೆ ರೈಲು ಮತ್ತೆ ಮೇಲೆ ಬರುತ್ತದೆ. ವಾರಕ್ಕೆ ನಾಲ್ಕೈದು ದಿನ ಹೋಗಿ. ಪ್ರತಿ ಸಲ ಭಯಕ್ಕೆ 0ರಿಂದ 10ರವರೆಗೆ ಅಂಕ ಕೊಟ್ಟು ಬರೆದಿಡಿ. ಅಂಕ 8ರಿಂದ 4ಕ್ಕೆ ಇಳಿಯುವವರೆಗೆ ಆ ಜಾಗದಲ್ಲಿರಿ, 8ರಲ್ಲಿರುವಾಗ ಓಡಬೇಡಿ. ತಡೆಯಲಾಗದೆ ಇಳಿದರೆ ಮನೆಗೆ ಹೋಗದೆ ಪ್ಲಾಟ್‌ಫಾರ್ಮಿನ ಬೆಂಚಿನಲ್ಲೇ ಕೂತು ಮುಂದಿನ ರೈಲೋ ಅದರ ಮುಂದಿನದೋ ಹತ್ತಿ. ಗೆಳತಿಯನ್ನು ಕರೆದೊಯ್ಯುವುದಿದ್ದರೆ ಮೊದಲೆರಡು ಸಲ ಮಾತ್ರ.

ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಬಲ್ಲ ಮನಶ್ಶಾಸ್ತ್ರಜ್ಞರು ಇನ್ನೊಂದನ್ನೂ ಮಾಡಿಸುತ್ತಾರೆ: ಬೇಕೆಂದೇ ಆ ಲಕ್ಷಣ ತರಿಸುವುದು. ಒಂದು ನಿಮಿಷ ತಿರುಗುವ ಕುರ್ಚಿಯಲ್ಲಿ ಸುತ್ತುವುದು, ಮೂಗು ಹಿಡಿದು ಸಣ್ಣ ಸ್ಟ್ರಾನಲ್ಲಿ ಉಸಿರಾಡುವುದು, ಮೆಟ್ಟಿಲು ಓಡಿ ಹತ್ತುವುದು. ತಲೆ ಸುತ್ತಿದರೂ ಸಾಯುವುದಿಲ್ಲ ಎಂದು ಮೈಗೇ ತಿಳಿಯಬೇಕು. ಬಸುರಿಯರು, ಆಸ್ತಮಾ, ಹೃದ್ರೋಗ, ಮೂರ್ಛೆರೋಗ ಇರುವವರು ಇದನ್ನು ತಾವಾಗಿ ಮಾಡಕೂಡದು. ಸಾಮಾನ್ಯವಾಗಿ 12ರಿಂದ 16 ಭೇಟಿ, ವಾರಕ್ಕೊಂದು. ಬರೀ ಸಮಾಧಾನ ಹೇಳಿ ಕಳಿಸುವವರಾದರೆ ಅದು ಸಿಬಿಟಿ ಅಲ್ಲ. ‘ಮನೆಯಲ್ಲಿ ಮಾಡಲು ಅಭ್ಯಾಸ ಕೊಡುತ್ತೀರಾ?’ ಎಂದು ಮೊದಲೇ ಕೇಳಿ ನೋಡಿ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ, 31 ವರ್ಷ. ವಾರಕ್ಕೆ ಮೂರು ಸಲ ಬರುತ್ತಿದೆ. ತರಗತಿಯ ನಡುವೆ ಎದ್ದು ಹೊರಗೆ ಬಂದಿದ್ದೇನೆ. ಮನೋವೈದ್ಯರು ಎಸಿಟಲೋಪ್ರಾಂ 10 ಮತ್ತು ಕ್ಲೋನಜೆಪಾಂ 0.5 ಸೇರಿರುವ ಒಂದೇ ಮಾತ್ರೆ ಬರೆದುಕೊಟ್ಟರು. ‘ಅಭ್ಯಾಸ ಆಗಿಬಿಡುತ್ತೆ’ ಅಂತ ನಮ್ಮ ಯಜಮಾನರು. ‘ಹುಚ್ಚಿನ ಮಾತ್ರೆ, ಯಾರಿಗಾದ್ರೂ ಗೊತ್ತಾದ್ರೆ’ ಅಂತ ಅಮ್ಮ. ಹದಿನೈದು ದಿನದಿಂದ ಸ್ಟ್ರಿಪ್ ಬೀರುವಿನಲ್ಲೇ ಇದೆ.
— ಶಿವಮೊಗ್ಗ

ಉತ್ತರ: ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ಸತ್ಯವಿದೆ. ತೊಡಕು ಏನೆಂದರೆ ಆ ಒಂದು ಮಾತ್ರೆಯೊಳಗೆ ಸ್ವಭಾವವೇ ಬೇರೆಯಾದ ಎರಡು ಔಷಧಿಗಳಿವೆ.

ಎಸಿಟಲೋಪ್ರಾಂ ದಿನದ ಔಷಧಿ. ಸೆರ್ಟ್ರಲಿನ್, ಪ್ಯಾರಾಕ್ಸೆಟಿನ್ ಇದೇ ಗುಂಪಿನವು. ನುಂಗಿದ ದಿನ ಏನೂ ಗೊತ್ತಾಗುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೆ ದಾಳಿ ಕಡಿಮೆಯಾಗತೊಡಗುತ್ತದೆ, ಪೂರ್ಣ ಗುಣ ಕಾಣಲು 8ರಿಂದ 12 ವಾರ. ಇದಕ್ಕೆ ಅಮಲಿಲ್ಲ, ಹೆಚ್ಚು ಹೆಚ್ಚು ಬೇಕೆನ್ನಿಸುವ ಚಟವಿಲ್ಲ. ಕ್ಲೋನಜೆಪಾಂ ಆ ಹೊತ್ತಿನ ಔಷಧಿ. ಅರ್ಧ-ಒಂದು ಗಂಟೆಯಲ್ಲಿ ಗಾಬರಿ ಇಳಿಸುತ್ತದೆ, ನಿದ್ದೆ ತರುತ್ತದೆ, ಮತ್ತು ವಾರಗಟ್ಟಲೆ ದಿನವೂ ತೆಗೆದುಕೊಂಡರೆ ಅಭ್ಯಾಸವಾಗುವುದು ಇದೇ. ನಮ್ಮಲ್ಲಿ ನಡೆಯುವುದು ತಿರುಗಾಮುರುಗಾ: ಅಭ್ಯಾಸವಾಗದ ಮಾತ್ರೆಗೆ ಹೆದರಿ ನಾಲ್ಕನೇ ದಿನಕ್ಕೆ ‘ಏನೂ ಪ್ರಯೋಜನವಿಲ್ಲ’ ಎಂದು ಬಿಡುತ್ತಾರೆ, ಅಭ್ಯಾಸವಾಗುವ ಮಾತ್ರೆ ಕೂಡಲೇ ಹಿತ ಕೊಡುವುದರಿಂದ ಅದನ್ನು ವರ್ಷಗಟ್ಟಲೆ ಮುಂದುವರಿಸುತ್ತಾರೆ. ಎರಡೂ ಬೆರೆತ ಮಾತ್ರೆಯಾದರಂತೂ ಒಂದನ್ನು ಬಿಟ್ಟು ಇನ್ನೊಂದನ್ನು ಮುಂದುವರಿಸಲು ದಾರಿಯೇ ಇರುವುದಿಲ್ಲ. ಆದ್ದರಿಂದ ವೈದ್ಯರ ಬಳಿ ಹೋಗಿ ಕೇಳಬೇಕಾದ ಮೊದಲ ಮಾತು: ‘ಎರಡನ್ನೂ ಬೇರೆ ಬೇರೆ ಸ್ಟ್ರಿಪ್‌ನಲ್ಲಿ ಕೊಡಬಹುದೇ ಡಾಕ್ಟ್ರೇ?’ ಬಹುತೇಕ ವೈದ್ಯರು ಒಪ್ಪುತ್ತಾರೆ.

ನಿಮಗೆ ಮಾತ್ರೆ ಬೇಕೇ ಎಂಬುದಕ್ಕೆ ಬರೋಣ. ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರೆ, ಕೆಲಸ ಓಡಾಟ ನಿಂತಿಲ್ಲದಿದ್ದರೆ, ಸಿಬಿಟಿ ಸಿಗುವಂತಿದ್ದರೆ ಮಾತ್ರೆಯಿಲ್ಲದೆ ಶುರುಮಾಡಬಹುದು. ಪ್ಯಾನಿಕ್‌ನಲ್ಲಿ ಮಾತ್ರೆ, ಸಿಬಿಟಿ ಎರಡೂ ಸರಿಸುಮಾರು ಒಂದೇ ಮಟ್ಟಕ್ಕೆ ಕೆಲಸ ಮಾಡುತ್ತವೆ. ಸಿಬಿಟಿಯಲ್ಲಿ ಕಲಿತದ್ದು ಆಮೇಲೂ ಕೈಯಲ್ಲಿ ಉಳಿಯುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ವಾರಕ್ಕೆ ಹಲವು ದಾಳಿ, ಜೊತೆಗೆ ಖಿನ್ನತೆ, ಊಟ ನಿದ್ದೆ ಕೆಟ್ಟಿರುವುದು, ಮನೆಯಿಂದ ಹೊರಬರಲಾಗದಿರುವುದು, ಹತ್ತಿರದಲ್ಲಿ ಸಿಬಿಟಿ ಬಲ್ಲವರು ಇಲ್ಲದಿರುವುದು, ಇಂಥಲ್ಲಿ ಮಾತ್ರೆಯ ಕಡೆಗೆ ತಕ್ಕಡಿ ವಾಲುತ್ತದೆ. ವಾರಕ್ಕೆ ಮೂರು ಮತ್ತು ತರಗತಿಯಿಂದ ಹೊರಬರುವುದು ಎಂದರೆ ಶುರುಮಾಡಿ ಎಂದೇ ನಮ್ಮ ಅಭಿಪ್ರಾಯ. ಸಾಧ್ಯವಾದರೆ ಜೊತೆಗೆ ಸಿಬಿಟಿ.

ಶುರುವಿನ ಹಂತದಲ್ಲಿ ಎಡವುವವರೇ ಹೆಚ್ಚು. ಮೊದಲ ಒಂದೆರಡು ವಾರ ಎಸಿಟಲೋಪ್ರಾಂ ಗಾಬರಿಯನ್ನು ಕೊಂಚ ಹೆಚ್ಚಿಸಬಹುದು: ಕೈ ನಡುಕ, ಚಡಪಡಿಕೆ, ವಾಕರಿಕೆ, ಸಡಿಲ ಭೇದಿ, ತಲೆನೋವು. ಪ್ಯಾನಿಕ್ ಇರುವವರ ಮೈ ಇಂಥ ಸೂಕ್ಷ್ಮಗಳನ್ನು ದುರ್ಬೀನು ಹಾಕಿ ನೋಡುತ್ತದೆ. ಅದಕ್ಕೇ 10 ಮಿಲಿಗ್ರಾಂ ಬದಲು 5ರಿಂದ ಶುರುಮಾಡಿ, ಒಂದೆರಡು ವಾರದ ಮೇಲೆ 10ಕ್ಕೆ ಏರಿಸುವುದು ರೂಢಿ. ಸೆರ್ಟ್ರಲಿನ್ ಆದರೆ 25ರಿಂದ ಶುರು. ಇದನ್ನೂ ವೈದ್ಯರಲ್ಲಿ ಕೇಳಿ. ತಿಂಡಿಯಾದ ಮೇಲೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ನಿದ್ದೆ ಕೆಟ್ಟರೆ ಬೆಳಿಗ್ಗೆ, ಮಂಪರು ಬಂದರೆ ರಾತ್ರಿ. ಈ ಮೊದಲ ವಾರಗಳನ್ನು ದಾಟಿಸಲಿಕ್ಕೆಂದೇ ಎರಡರಿಂದ ನಾಲ್ಕು ವಾರ ಮಾತ್ರ ಸ್ವಲ್ಪ ಕ್ಲೋನಜೆಪಾಂ ಕೊಟ್ಟು ನಿಲ್ಲಿಸುವ ವೈದ್ಯರಿದ್ದಾರೆ. ನಿಲ್ಲಿಸುವ ತಾರೀಕು ಚೀಟಿಯ ಮೇಲೆ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ.

ಯಾರೂ ಬಾಯಿಬಿಟ್ಟು ಹೇಳದ ಒಂದು ಅಡ್ಡಪರಿಣಾಮವಿದೆ: ಕಾಮಾಸಕ್ತಿ ಕಡಿಮೆಯಾಗುವುದು, ತೃಪ್ತಿ ತಡವಾಗುವುದು ಅಥವಾ ಆಗದಿರುವುದು. ಗಂಡಸರಿಗೂ ಹೆಂಗಸರಿಗೂ ಆಗುತ್ತದೆ. ವೈದ್ಯರಿಗೆ ಹೇಳಲು ಸಂಕೋಚಪಟ್ಟು ಮಾತ್ರೆಯನ್ನೇ ಸದ್ದಿಲ್ಲದೆ ಬಿಡುವವರು ಬಹಳ. ಪ್ರಮಾಣ ಇಳಿಸುವುದೋ ಔಷಧಿ ಬದಲಿಸುವುದೋ ದಾರಿಗಳಿವೆ.

ವೈದ್ಯರಿಗೆ ತಪ್ಪದೆ ಹೇಳಬೇಕಾದ್ದು: ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯಿಲ್ಲದೆ ಅತಿಯಾದ ಹುರುಪು, ದುಂದುವೆಚ್ಚ, ಮಾತಿನ ಭರಾಟೆ ಇತ್ತೇ, ಅಥವಾ ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಇದೆಯೇ ಎಂಬುದು. ಇದ್ದರೆ ಈ ಮಾತ್ರೆಯನ್ನು ಒಂಟಿಯಾಗಿ ಕೊಡುವ ಮುನ್ನ ವೈದ್ಯರು ಎಚ್ಚರ ವಹಿಸಬೇಕಾಗುತ್ತದೆ. ನೋವಿಗೆ ಟ್ರಮಡಾಲ್ ತೆಗೆದುಕೊಳ್ಳುತ್ತಿದ್ದರೆ, ಐಬುಪ್ರೊಫೆನ್ ಥರದ ಮಾತ್ರೆ ಪದೇಪದೇ ನುಂಗುತ್ತಿದ್ದರೆ ಅದೂ ಹೇಳಬೇಕು. ಮೊದಲನೆಯದು ಈ ಮಾತ್ರೆ ಹೆಚ್ಚಿಸುವ ಮಿದುಳಿನ ರಾಸಾಯನಿಕವಾದ ಸೆರಟೋನಿನ್ ಅನ್ನು ಅತಿಯಾಗಿಸಬಹುದು, ಎರಡನೆಯದು ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚಿಸುತ್ತದೆ. 25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಬರುತ್ತದೆಯೇ ಎಂದು ಮನೆಯವರು ನೇರವಾಗಿ ಕೇಳುತ್ತಿರಬೇಕು. ಬಂದರೆ ಮುಂದಿನ ಭೇಟಿಗೆ ಕಾಯದೆ ಅಂದೇ ವೈದ್ಯರನ್ನು ಕಾಣಿ.

‘ಜೀವನಪೂರ್ತಿ’ ಎಂಬ ಭಯಕ್ಕೆ: ಪೂರ್ತಿ ಗುಣವಾದ ದಿನದಿಂದ 6ರಿಂದ 12 ತಿಂಗಳು, ಆಮೇಲೆ ಕೆಲವು ವಾರಗಳಿಂದ ತಿಂಗಳುಗಳವರೆಗೆ ಹಂತಹಂತವಾಗಿ ಇಳಿಸುವುದು. ಎಣಿಕೆ ಗುಣವಾದ ದಿನದಿಂದ, ಶುರುಮಾಡಿದ ದಿನದಿಂದ ಅಲ್ಲ. ಒಮ್ಮೆಲೇ ಬಿಟ್ಟರೆ ತಲೆ ಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ಸಿಡುಕು. ಚಟವಲ್ಲದ ಔಷಧಿಯೂ ಹಠಾತ್ ನಿಂತರೆ ಮೈ ತಕರಾರು ತೆಗೆಯುತ್ತದೆ, ಅಷ್ಟೇ. ಮತ್ತೆ ಬರುವುದೇ ಇಲ್ಲ ಎಂದು ಭಾಷೆ ಕೊಡಲಾಗದು. ಕೆಲವರಿಗೆ ಮರುಕಳಿಸುತ್ತದೆ, ಅವರು ಹೆಚ್ಚು ಕಾಲ ತೆಗೆದುಕೊಳ್ಳಬೇಕಾಗುತ್ತದೆ.

ಅಮ್ಮನಿಗೆ ಹೇಳಿ: ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವೈದ್ಯರ ಹೊಣೆ.

ಪ್ರಶ್ನೆ: ನಾಲ್ಕು ವರ್ಷದಿಂದ ರಾತ್ರಿ ಅಲ್ಪ್ರಜೋಲಾಂ 0.5 ತಗೋತೀನ್ರಿ. ಮೊದಲು ಬರದುಕೊಟ್ಟ ಡಾಕ್ಟರು ಈಗ ಊರಾಗಿಲ್ಲ. ಹಳೇ ಚೀಟಿ ತೋರಿಸಿ ಅಂಗಡ್ಯಾಗ ತರ್ತೀನಿ. ಎರಡು ದಿನ ಬಿಟ್ಟು ನೋಡಿದೆ, ಕೈ ನಡುಗಿ, ಬೆವತು, ಮೊದಲಿಗಿಂತ ಹೆಚ್ಚು ಗಾಬರಿ ಆತು. ಜಡ್ಡು ಇನ್ನೂ ಹೋಗಿಲ್ಲಂತ ಅರ್ಥ ಏನ್ರಿ?
— 52 ವರ್ಷ, ಹುಬ್ಬಳ್ಳಿ

ಉತ್ತರ: ಅಲ್ಲ. ಎರಡು ದಿನದಲ್ಲಿ ಬಂದದ್ದು ಮಾತ್ರೆ ಬಿಟ್ಟ ಪರಿಣಾಮ. ಹಳೇ ಕಾಯಿಲೆ ಮರಳುವುದಾದರೆ ವಾರಗಳಲ್ಲಿ, ಮೆಲ್ಲಗೆ ಬರುತ್ತದೆ. ಇನ್ನೊಮ್ಮೆ ಹಾಗೆ ಒಮ್ಮೆಲೇ ಬಿಡಬೇಡಿ. ವರ್ಷಗಳ ನಂತರ ಹಠಾತ್ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ.

ಅಲ್ಪ್ರಜೋಲಾಂ ಕೂಡ ಕ್ಲೋನಜೆಪಾಂ ಗುಂಪಿನದೇ, ಆದರೆ ಬೇಗ ಏರಿ ಬೇಗ ಇಳಿಯುವ ಔಷಧಿ. ಸುಮಾರು 11 ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಬರುತ್ತದೆ. ಕ್ಲೋನಜೆಪಾಂ ಅರ್ಧವಾಗಲು 30–40 ಗಂಟೆ. ಆದ್ದರಿಂದ ಮನೋವೈದ್ಯರು ನಿಮ್ಮನ್ನು ನಿಧಾನ ಇಳಿಯುವ ಕ್ಲೋನಜೆಪಾಂಗೋ ಡಯಜೆಪಾಂಗೋ ಬದಲಿಸಿ, ಆಮೇಲೆ ಎರಡು ವಾರಕ್ಕೊಮ್ಮೆ ಸುಮಾರು ಹತ್ತರಲ್ಲೊಂದು ಪಾಲಿನಂತೆ ತಗ್ಗಿಸಬಹುದು. ಒಟ್ಟು ನಾಲ್ಕರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಮೊದಲರ್ಧ ಸಲೀಸು, ಕೊನೆಯ ಕಾಲು ಭಾಗ ಕಷ್ಟ. ಅವಸರ ಮಾಡಿ ಕೆಡಿಸಿಕೊಳ್ಳುವುದು ಅಲ್ಲೇ. ಒಂದು ಹಂತದಲ್ಲಿ ತಡೆಯಲಾಗದಿದ್ದರೆ ಅಲ್ಲೇ ಇನ್ನೆರಡು ವಾರ ನಿಲ್ಲಬೇಕು, ಹಿಂದಕ್ಕೆ ಏರಬಾರದು. ಗಾಬರಿಗೆ ಎಸಿಟಲೋಪ್ರಾಂನಂಥ ದಿನದ ಔಷಧಿಯೋ ಸಿಬಿಟಿಯೋ ಜೊತೆಯಲ್ಲೇ ಶುರುವಾಗಲಿ.

ಈ ಮಾತ್ರೆಯ ಮೇಲೆ ಗುಂಡು ಹಾಕಿದರೆ ಉಸಿರೇ ನಿಧಾನವಾಗಬಹುದು. ಅದರಲ್ಲಿ ರಿಯಾಯಿತಿ ಇಲ್ಲ. ಇನ್ನು ಅಂಗಡಿಯ ವಿಷಯ: ಅಲ್ಪ್ರಜೋಲಾಂ ಎಚ್1 ಪಟ್ಟಿಯ ಔಷಧಿ, ಮಾರಿದವರು ವೈದ್ಯರ ಹೆಸರು, ರೋಗಿಯ ಹೆಸರು ದಾಖಲಿಸಬೇಕು. ನಾಲ್ಕು ವರ್ಷದ ಹಳೇ ಚೀಟಿಗೆ ಕೊಡುತ್ತಿರುವವರು ನಿಮಗೆ ಉಪಕಾರ ಮಾಡುತ್ತಿಲ್ಲ. ಹುಬ್ಬಳ್ಳಿಯವರಾದ ನಿಮಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವೇ ಇದೆ. ಹೋಗುವವರೆಗೆ ಈಗಿನ ಪ್ರಮಾಣವನ್ನು ಹಾಗೇ ಮುಂದುವರಿಸಿ.

ಪ್ರಶ್ನೆ: ಎಸಿಟಲೋಪ್ರಾಂ ತೆಗೆದುಕೊಂಡು ಏಳು ತಿಂಗಳಾಯಿತು, ಚೆನ್ನಾಗಿದ್ದೇನೆ. ಈಗ ಎರಡು ತಿಂಗಳ ಗರ್ಭಿಣಿ. ಇವತ್ತೇ ನಿಲ್ಲಿಸಲೇ?
— ಪುತ್ತೂರು

ಉತ್ತರ: ಇವತ್ತೇ ನಿಲ್ಲಿಸಬೇಡಿ. ಈ ವಾರವೇ ಮನೋವೈದ್ಯರನ್ನು ಮತ್ತು ಹೆರಿಗೆ ವೈದ್ಯರನ್ನು ಕಾಣಿ, ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಿ. ಗುಣವಾಗಿದ್ದವರಲ್ಲಿ ನಿಧಾನ ಇಳಿಸುವುದೂ ಉಂಟು, ಕಾಯಿಲೆ ಜೋರಾಗಿದ್ದವರಲ್ಲಿ ಮುಂದುವರಿಸುವುದೂ ಉಂಟು. ಗರ್ಭಿಣಿಯರಲ್ಲಿ ಸಾಮಾನ್ಯವಾಗಿ ದೂರವಿಡುವುದು ಪ್ಯಾರಾಕ್ಸೆಟಿನ್. ಹಾಲೂಡಿಸುವಾಗ ಸೆರ್ಟ್ರಲಿನ್ ಹೆಚ್ಚು ಬಳಕೆಯಲ್ಲಿದೆ, ಎದೆಹಾಲಿಗೆ ಸೇರುವುದು ಬಹಳ ಕಡಿಮೆ.

ಪ್ರಶ್ನೆ: ಇಂಗ್ಲಿಷ್ ಔಷಧಿ ಬೇಡ ಅಂತ ಅಶ್ವಗಂಧ ತೆಗೆದುಕೊಳ್ಳುತ್ತಿದ್ದೇನೆ. ಸಾಕೇ?
— ಚಿಕ್ಕಬಳ್ಳಾಪುರ

ಉತ್ತರ: ದಿನನಿತ್ಯದ ಒತ್ತಡಕ್ಕೆ ಕೆಲವರಿಗೆ ಹಿತವಾಗುತ್ತದೆ, ಪ್ಯಾನಿಕ್ ಡಿಸಾರ್ಡರ್‌ಗೆ ಅದೊಂದನ್ನೇ ನಂಬಿ ಕೂರುವಷ್ಟು ಆಧಾರವಿಲ್ಲ. ಗಿಡದಿಂದ ಬಂದದ್ದೆಲ್ಲ ನಿರಪಾಯವೂ ಅಲ್ಲ. ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಟ್ಟದ್ದಿದೆ, ನಿದ್ದೆ ಮಾತ್ರೆಯ ಮಂಪರನ್ನು ಹೆಚ್ಚಿಸುತ್ತದೆ. ಕಣ್ಣು, ಮೂತ್ರ ಹಳದಿಯಾದರೆ ನಿಲ್ಲಿಸಿ ವೈದ್ಯರನ್ನು ಕಾಣಿ.

ಪ್ರಶ್ನೆ: ನನ್ನ ಹೆಂಡತಿಗೆ ಬಂದಾಗ ಏನು ಮಾಡಬೇಕೆಂದೇ ತೋಚುವುದಿಲ್ಲ. ‘ಏನೂ ಆಗಿಲ್ಲ, ಧೈರ್ಯ ತಂದ್ಕೋ’ ಅಂದರೆ ಸಿಟ್ಟಾಗುತ್ತಾಳೆ.
— ತುಮಕೂರು

ಉತ್ತರ: ಅವರ ಮೈಯಲ್ಲಿ ಆಗುತ್ತಿರುವಾಗ ‘ಏನೂ ಆಗಿಲ್ಲ’ ಎಂದರೆ ಸಿಟ್ಟು ಬರದೆ ಇರುತ್ತದೆಯೇ? ಪಕ್ಕದಲ್ಲಿ ಕೂತು, ‘ಇದು ಅದೇ, ಇಳಿಯುತ್ತೆ, ನಾನಿಲ್ಲೇ ಇದ್ದೀನಿ’ ಎಂದಷ್ಟೇ ಹೇಳಿ. ನೀವೇ ಕೇಳಿಸುವಂತೆ ನಿಧಾನ ಉಸಿರು ಬಿಡಿ, ಅವರ ಉಸಿರು ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ. ಸುತ್ತ ಜನ ಸೇರಿಸಬೇಡಿ, ಮುಖಕ್ಕೆ ನೀರು ಚಿಮುಕಿಸುವುದು ಬೇಡ. ದಾಳಿ ಇಳಿದ ಮೇಲೆ ಅವರ ಪಾಲಿನ ಸಂತೆ, ಬ್ಯಾಂಕು, ಮದುವೆಮನೆ ಓಡಾಟವನ್ನೆಲ್ಲ ಪ್ರೀತಿಯಿಂದ ನೀವೇ ವಹಿಸಿಕೊಳ್ಳುತ್ತ ಹೋಗಬೇಡಿ. ಆರು ತಿಂಗಳಲ್ಲಿ ಅವರು ಮನೆ ಬಿಟ್ಟು ಹೊರಡದಂತಾಗುತ್ತಾರೆ.

ಪ್ರಶ್ನೆ: ದುಬೈಯಲ್ಲಿ ಕೆಲಸ. ರಜೆಗೆ ಉಡುಪಿಗೆ ಬಂದಾಗ ಕ್ಲೋನಜೆಪಾಂ ಬರೆದುಕೊಟ್ಟಿದ್ದಾರೆ. ಮೂರು ತಿಂಗಳದ್ದು ಕಟ್ಟಿಕೊಂಡು ಹೋಗಬಹುದೇ?

ಉತ್ತರ: ಹಾಗೇ ಬ್ಯಾಗಿಗೆ ಹಾಕಿಕೊಂಡು ಹೋಗಬೇಡಿ. ಯುಎಇಯಲ್ಲಿ ಇದು ನಿಯಂತ್ರಿತ ಔಷಧಿ. ಹೊರಡುವ ಮೊದಲೇ ಅಲ್ಲಿನ ಸರ್ಕಾರದ ಆನ್‌ಲೈನ್ ಅನುಮತಿ ಪಡೆಯಬೇಕು, ವೈದ್ಯರ ಚೀಟಿ, ಕಾಯಿಲೆಯ ವಿವರದ ಪತ್ರ ಇಂಗ್ಲಿಷಿನಲ್ಲಿ ಜೊತೆಗಿರಬೇಕು, ಮಾತ್ರೆ ಮೂಲ ಸ್ಟ್ರಿಪ್‌ನಲ್ಲೇ ಇರಬೇಕು. ಪರವಾನಗಿಯಿಲ್ಲದೆ ಸಿಕ್ಕಿಬಿದ್ದರೆ ಕಾನೂನಿನ ತೊಡಕು. ಬೇರೆಯವರ ಮಾತ್ರೆಯನ್ನು ‘ಸ್ವಲ್ಪ ತಲುಪಿಸಿಬಿಡಿ’ ಎಂದು ಕೊಟ್ಟರೆ ಬೇಡವೆನ್ನಿ.

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಹಳ್ಳಿ. ಬೆಂಗಳೂರಿಗೆ ಹೋಗುವಷ್ಟು ಶಕ್ತಿ ಇಲ್ಲ. ಇದಕ್ಕೆಲ್ಲ ಎಲ್ಲಿ ತೋರಿಸುವುದು?

ಉತ್ತರ: ಪ್ಯಾನಿಕ್‌ಗೆ ನಿಮ್ಹಾನ್ಸ್‌ವರೆಗೆ ಹೋಗಬೇಕಾದ ಅಗತ್ಯವೇ ಇಲ್ಲ. ನಿಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು. ಆ ಕಾರ್ಯಕ್ರಮದ ಮನೋವೈದ್ಯರು ಜಿಲ್ಲಾ ಆಸ್ಪತ್ರೆಯಲ್ಲಿ ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಕ್ಲಿನಿಕ್ ನಡೆಸುವ ವ್ಯವಸ್ಥೆಯಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಮೊದಲೇ ವಿಚಾರಿಸಿ, ಬಸ್ ಚಾರ್ಜು ದಂಡವಾಗುವುದು ತಪ್ಪುತ್ತದೆ. ಅದಕ್ಕೂ ಮೊದಲು 14416ಕ್ಕೆ ಕರೆಮಾಡಬಹುದು. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಯೋಚನೆ ಬಂದರೂ ಅದೇ ಸಂಖ್ಯೆ.

ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಎರಡು ವಾರದಲ್ಲಿ ಎಷ್ಟು ಸಲ ಬಂತು, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಇತ್ತು, ಆ ದಿನ ಏನು ಕುಡಿದಿದ್ದಿರಿ, ಅದಕ್ಕಾಗಿ ಏನು ಬಿಟ್ಟಿದ್ದೀರಿ. ಎದುರಿಗೆ ಕೂತಾಗ ಅರ್ಧ ಮರೆತುಹೋಗುತ್ತದೆ. ಇಸಿಜಿ, ರಕ್ತಪರೀಕ್ಷೆಯ ವರದಿಗಳ ಜೊತೆಗೆ ಈವರೆಗೆ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ‘ಬಿಳೀ ಸಣ್ಣ ಮಾತ್ರೆ’ ಎಂದರೆ ಯಾವ ವೈದ್ಯರಿಗೂ ಗೊತ್ತಾಗುವುದಿಲ್ಲ.